ಮಸುಕು ಪಟ್ಟಿಯ ಬೆನ್ನುಹತ್ತಿ

1921ರ ಸೆಪ್ಟೆಂಬರ್ ಕೊನೆಯ ವಾರ. ಇಂಗ್ಲೆಂಡಿನಿಂದ ಹೊರಟಿದ್ದ ಎಸ್.ಎಸ್. ನಾರ್ಕುಂಡಾ ಹಡಗು ಅರಬ್ಬಿ ಸಮುದ್ರ ದಾಟಿ ಮುಂಬಯಿ ಬಂದರಿಗೆ ಬಂದು ನಿಂತಿತು. ಅದರಲ್ಲಿದ್ದ ಪ್ರಯಾಣಿಕರಲ್ಲಿ ಕಲ್ಕತ್ತೆಯ ಮೂವತ್ತೆರಡರ ಹರೆಯದ ಪ್ರೊಫೆಸರೊಬ್ಬರೂ ಇದ್ದರು. ಚಂದ್ರಶೇಖರ ವೆಂಕಟರಾಮನ್ ದಾರಿಯುದ್ದಕ್ಕೂ ನಿಕೋಲ್ ಪಟ್ಟಕವೊಂದನ್ನು ಕಣ್ಣಿಗೆ ಹಿಡಿದು ಸಮುದ್ರ ನೋಡಿದ್ದರು. ಕಡಲು ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂದು ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ ಹೇಳಿದ್ದರು. ಪಟ್ಟಕವನ್ನು ತಕ್ಕ ಕೋನಕ್ಕೆ ತಿರುಗಿಸಿ ಆ ಪ್ರತಿಬಿಂಬವನ್ನು ಅಳಿಸಿ ನೋಡಿದರೆ ನೀಲಿ ಹೋಗಬೇಕಿತ್ತಲ್ಲ? ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ಸೆಪ್ಟೆಂಬರ್ 26ರಂದು, ಹಡಗಿನ ವಿಳಾಸ ಹಾಕಿಯೇ, ರಾಮನ್ 'ನೇಚರ್' ಪತ್ರಿಕೆಗೆ ಟಿಪ್ಪಣಿ ಬರೆದರು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ, ನೀಲಿ ನೀರಿನದೇ ಎಂಬುದು ಅವರ ವಾದ.

ಮಳೆಗಾಲ ಮುಗಿದು ಅಘನಾಶಿನಿ, ಶರಾವತಿಗಳ ರಾಡಿ ತಿಳಿಯಾದ ಮೇಲೆ ಕುಮಟಾ, ಹೊನ್ನಾವರ, ಭಟ್ಕಳದ ದಂಡೆಯಿಂದ ಕಾಣುವುದೂ ಅದೇ ಸಮುದ್ರದ ನೀಲಿ. ರಾಮನ್ ಆ ಬಣ್ಣದ ಅರ್ಧ ಗುಟ್ಟನ್ನು ಹಿಡಿದಿದ್ದರು. ಉಳಿದರ್ಧ ಹೈಡ್ರೋಜನ್ ಎಂಬ ಪುಟ್ಟ ಪರಮಾಣುವಿನ ಕೈಯಲ್ಲಿತ್ತು. ಅದು ಬೆಳಕಿಗೆ ಬರುವ ಮೊದಲು ವಿಜ್ಞಾನಿಗಳು ಬೇಡದ ಹಸಿರು, ಕಾಣದ ರೇಖೆ, ಮಸುಕು ಪಟ್ಟಿಗಳ ಜೊತೆ ವರ್ಷಗಟ್ಟಲೆ ಹೆಣಗಬೇಕಾಯಿತು.

ಹೆಣಗಾಟ ಶುರುವಾದದ್ದು ಕಲ್ಕತ್ತೆಯಲ್ಲೇ. 1923ರಲ್ಲಿ ರಾಮನ್ ಶಿಷ್ಯ ಕೆ. ಆರ್. ರಾಮನಾಥನ್ ದ್ರವಗಳೊಳಗೆ ಸೂರ್ಯನ ಬೆಳಕು ಹಾಯಿಸಿ ನೋಡುತ್ತಿದ್ದರು. ಒಳಗೆ ಬಿಟ್ಟ ಬಣ್ಣವನ್ನು ಪೂರ್ತಿ ತಡೆಯುವ ಶೋಧಕ ಇಟ್ಟರೂ ಆಚೆ ಕಡೆ ಏನೋ ಒಂದಿಷ್ಟು ಬೆಳಕು ಉಳಿಯುತ್ತಿತ್ತು. ದ್ರವದಲ್ಲಿ ಕಲ್ಮಷವಿರಬೇಕೆಂದು ಮತ್ತೆ ಮತ್ತೆ ಭಟ್ಟಿ ಇಳಿಸಿ ಶುದ್ಧ ಮಾಡಿದರು. ಎಷ್ಟು ಶುದ್ಧ ಮಾಡಿದರೂ ಆ ಬೆಳಕು ಜಗ್ಗಲಿಲ್ಲ. ಕೊನೆಗೆ ಅದಕ್ಕೆ 'ದುರ್ಬಲ ಪ್ರತಿದೀಪ್ತಿ' (ವಸ್ತು ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಮರಳಿ ಸೂಸುವುದು) ಎಂದು ಹೆಸರಿಟ್ಟು ಸುಮ್ಮನಾಗಬೇಕಾಯಿತು.

1928ರ ಜನವರಿಯಲ್ಲಿ ಎಸ್. ವೆಂಕಟೇಶ್ವರನ್ ಅದೇ ತಂಟೆಗೆ ಸಿಕ್ಕಿಕೊಂಡರು. ಕಸ್ಟಮ್ಸ್ ಇಲಾಖೆಯ ಪ್ರಯೋಗಾಲಯದಲ್ಲಿ ನೌಕರಿ, ಅದು ಮುಗಿದ ಮೇಲೆ ಸಂಶೋಧನೆ. ಅವರ ಬಳಿ ಬಹಳ ಶುದ್ಧವಾದ ಗ್ಲಿಸರಿನ್ ಇತ್ತು. ಸೂರ್ಯನ ಬೆಳಕು ಹಾಯಿಸಿದರೆ ಬೇರೆ ದ್ರವಗಳಂತೆ ನೀಲಿ ಕಾಣಬೇಕಿದ್ದ ಗ್ಲಿಸರಿನ್ ಹೊಳೆಹೊಳೆವ ಹಸಿರು ತೋರಿಸಿತು. ಅಷ್ಟೇ ಅಲ್ಲ, ಆ ಹಸಿರು ಬಲವಾಗಿ ಧ್ರುವೀಕರಣಗೊಂಡಿತ್ತು, ಎಂದರೆ ಅದರ ಅಲೆಗಳು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿದ್ದವು. ಸಾಮಾನ್ಯ ಪ್ರತಿದೀಪ್ತಿಯಾಗಿದ್ದರೆ ಹಾಗಾಗುತ್ತಿರಲಿಲ್ಲ. ರಾಮನ್‌ಗೆ ಇಷ್ಟು ಸಾಕಾಯಿತು. ಕೆ. ಎಸ್. ಕೃಷ್ಣನ್ ಅವರನ್ನು ಪುಸ್ತಕ, ಲೆಕ್ಕಾಚಾರಗಳಿಂದ ಎಬ್ಬಿಸಿ ಕತ್ತಲೆ ಕೋಣೆಗೆ ಕರೆದುಕೊಂಡು ಬಂದರು.

ಫೆಬ್ರವರಿ ಪೂರ್ತಿ ದ್ರವದ ಮೇಲೆ ದ್ರವ ನೋಡಿದರು. 27ರ ಸಂಜೆ, ಚದುರಿದ ಬೆಳಕನ್ನು ರೋಹಿತದರ್ಶಕದಲ್ಲೇ ನೋಡಿಬಿಡೋಣ ಎಂದು ರಾಮನ್ ತೀರ್ಮಾನಿಸಿದರು. ಸಹಾಯಕ ಆಶುತೋಷ್ ಡೇ ಎಲ್ಲವನ್ನೂ ಜೋಡಿಸುವಷ್ಟರಲ್ಲಿ ಸೂರ್ಯ ಮುಳುಗಿದ. ಬೆಳಕಿಗೆ ಸೂರ್ಯನನ್ನೇ ನಂಬಿದವರಿಗೆ ಬೇರೆ ದಾರಿಯಿರಲಿಲ್ಲ, ರಾತ್ರಿಯಿಡೀ ಕಾದರು. 28ರ ಬೆಳಗ್ಗೆ ನೋಡಿದರೆ ಒಳಗೆ ಹೋದ ಬಣ್ಣದ ಪಕ್ಕದಲ್ಲಿ, ನಡುವೆ ಕಪ್ಪು ಅಂತರ ಬಿಟ್ಟು, ಇನ್ನೊಂದು ಬಣ್ಣ ನಿಂತಿತ್ತು. ಆಮೇಲೆ ಪಾದರಸದ ದೀಪ ಇಟ್ಟಾಗ ಆ ಬಣ್ಣ ಚೂಪಾದ ರೇಖೆಗಳಾಗಿ ಒಡೆಯಿತು. ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ, ರಾಮನ್ ತಮ್ಮ 'ಹೊಸ ವಿಕಿರಣ'ದ ಕತೆಯನ್ನು ವಿವರವಾಗಿ ಹೇಳಿದರು.

ಆ ರೇಖೆಗಳು ಏನನ್ನು ಹೇಳುತ್ತಿದ್ದವು ಎಂಬುದು ಬೇಗ ತಿಳಿಯಿತು. ಅಣುವಿಗೆ ಬಡಿದ ಬೆಳಕು ಅದನ್ನು ಕಂಪಿಸುವಂತೆ ಮಾಡಿ, ಆ ಕಂಪನಕ್ಕೆ ಬೇಕಾದಷ್ಟು ಶಕ್ತಿಯನ್ನು ಬಿಟ್ಟುಕೊಟ್ಟು ಹೊರಬರುತ್ತದೆ. ಎಷ್ಟು ಬಿಟ್ಟುಕೊಟ್ಟಿತು ಎಂದು ಅಳೆದರೆ ಅಣುವಿನ ಯಾವ ಬಂಧ ಎಷ್ಟು ವೇಗವಾಗಿ ನಡುಗುತ್ತಿದೆ ಎಂದು ಗೊತ್ತಾಗುತ್ತದೆ. ಅಳತೆ ಒಂದು ಸೆಂಟಿಮೀಟರಿನಲ್ಲಿ ಹಿಡಿಸುವ ಅಲೆಗಳ ಸಂಖ್ಯೆಯಲ್ಲಿ. ವಜ್ರದಲ್ಲಿ 1332ರ ಹತ್ತಿರ ಒಂದೇ ಒಂದು ಗೀರು. ಅದನ್ನು 1930ರಲ್ಲಿ ಸಿ. ರಾಮಸ್ವಾಮಿ ಕಂಡರು. ಎಲ್ಲ ವಸ್ತುಗಳೂ ವಜ್ರದಷ್ಟು ಸಭ್ಯವಾಗಿದ್ದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಸಭ್ಯತೆ ತಪ್ಪಿದ್ದು ನೀರು. ಆವಿಯಲ್ಲಿ ಆಕ್ಸಿಜನ್–ಹೈಡ್ರೋಜನ್ ಬಂಧ 3650ರಿಂದ 3750ರ ನಡುವೆ ನಡುಗುತ್ತದೆ. ದ್ರವ ನೀರಿನಲ್ಲಿ ಅದೇ ಬಂಧದ ರೇಖೆ 3400ರ ಸುಮಾರಿಗೆ ಇಳಿದು, ರೇಖೆ ಎನ್ನಲಾಗದಷ್ಟು ಅಗಲವಾಗಿ ಹರಡಿಕೊಂಡಿತ್ತು. ಮಂಜುಗಡ್ಡೆಯಲ್ಲಿ ಇನ್ನೂ ಇಳಿದು 3200ರ ಆಸುಪಾಸು. ಐ. ರಾಮಕೃಷ್ಣ ರಾವ್ 1930ರ ದಶಕದ ಮೊದಲ ವರ್ಷಗಳಲ್ಲಿ ನೀರಿನ ಈ ಮೂರೂ ಅವಸ್ಥೆಗಳ ರಾಮನ್ ರೋಹಿತವನ್ನು ಪಟ್ಟು ಹಿಡಿದು ಅಭ್ಯಾಸ ಮಾಡಿದರು. ನೀರು ಹೆಪ್ಪುಗಟ್ಟಿದರೆ ಅಣುವಿನೊಳಗಿನ ಬಂಧವೇಕೆ ನಿಧಾನವಾಗಬೇಕು? ಅಣು ಅದೇ, ಪರಮಾಣುಗಳೂ ಅವೇ.

ಇದಕ್ಕೆ ಉತ್ತರವಾಗಬಲ್ಲ ಒಂದು ಊಹೆ ಅಷ್ಟರಲ್ಲೇ ಅಮೆರಿಕದಲ್ಲಿ ಹತ್ತು ವರ್ಷ ಹಳೆಯದಾಗಿತ್ತು. 1920ರಲ್ಲಿ ಬರ್ಕ್ಲಿಯ ಲ್ಯಾಟಿಮರ್ ಮತ್ತು ರೋಡ್‌ಬುಶ್, ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿಗೂ ತುಸು ಅಂಟಿಕೊಂಡಿರಬಹುದು ಎಂದು ಬರೆದಿದ್ದರು. ಹಗ್ಗಿನ್ಸ್ ಎಂಬ ವಿದ್ಯಾರ್ಥಿಗೆ ಅದಕ್ಕೂ ಮೊದಲೇ ಇಂಥದೇ ಯೋಚನೆ ಹೊಳೆದಿತ್ತು. ಈ ಅಂಟಿಗೇ ಮುಂದೆ 'ಹೈಡ್ರೋಜನ್ ಬಂಧ' ಎಂಬ ಹೆಸರು ಬಂತು. ಆದರೆ ಆಗ ಅದನ್ನು ಕಂಡವರಿರಲಿಲ್ಲ. ಹರಳುಗಳ ಒಳಗನ್ನು ತೋರಿಸುತ್ತಿದ್ದ ಎಕ್ಸ್-ಕಿರಣಗಳು ಎಲೆಕ್ಟ್ರಾನುಗಳಿಗೆ ಬಡಿದು ಚದುರುತ್ತವೆ. ಹೈಡ್ರೋಜನ್ ಬಳಿ ಇರುವುದು ಒಂದೇ ಎಲೆಕ್ಟ್ರಾನ್. ಕಾರ್ಬನ್, ಆಕ್ಸಿಜನ್‌ಗಳ ನಡುವೆ ಅದು ಆಗಿನ ಕಾಲದ ಚಿತ್ರಗಳಲ್ಲಿ ಕಾಣುತ್ತಲೇ ಇರಲಿಲ್ಲ. ಹರಳಿನ ನಕ್ಷೆ ಬರೆದವರು ಹೈಡ್ರೋಜನ್ ಇರಬೇಕಾದ ಜಾಗದಲ್ಲಿ ಅಂದಾಜಿನ ಚುಕ್ಕಿ ಇಟ್ಟು ಮುಂದೆ ಹೋಗುತ್ತಿದ್ದರು.

ಮೊದಲ ಸುಳಿವು ಸಿಕ್ಕಿದ್ದು ವಾಷಿಂಗ್ಟನ್ನಿನಲ್ಲಿ, ಅದೂ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ. ಹಿಲ್ಬರ್ಟ್, ವುಲ್ಫ್, ಹೆಂಡ್ರಿಕ್ಸ್, ಲಿಡೆಲ್ ಎಂಬ ನಾಲ್ವರು ಬಗೆಬಗೆಯ ವಸ್ತುಗಳ ಮೂಲಕ ಅವರಕ್ತ ಬೆಳಕು ಹಾಯಿಸುತ್ತಿದ್ದರು. ಆಕ್ಸಿಜನ್–ಹೈಡ್ರೋಜನ್ ಜೋಡಿ ಇರುವ ವಸ್ತುವೆಲ್ಲ ಒಂದು ನಿಗದಿತ ಜಾಗದಲ್ಲಿ ಬೆಳಕನ್ನು ನುಂಗಬೇಕು. ಫಿನಾಲ್ ನುಂಗಿತು. ಆದರೆ ಅದರ ಸೋದರ ಆರ್ಥೋ-ನೈಟ್ರೋಫಿನಾಲ್ ಆ ಜಾಗದಲ್ಲಿ ಏನನ್ನೂ ನುಂಗಲಿಲ್ಲ. ರಾಸಾಯನಿಕ ಸೂತ್ರದಲ್ಲಿ ಆ ಜೋಡಿ ಇದೆ, ರೋಹಿತದಲ್ಲಿ ಇಲ್ಲ. ಉಪಕರಣವನ್ನು ದೂರಿ ಬೇರೆ ಕೆಲಸಕ್ಕೆ ಹೋಗಿಬಿಡಬಹುದಿತ್ತು. ಅವರು ಆ ಇಲ್ಲದಿರುವಿಕೆಯನ್ನೇ ಸಾಕ್ಷಿಯಾಗಿ ತಿರುಗಿಸಿದರು. ಹೈಡ್ರೋಜನ್ ಪಕ್ಕದ ನೈಟ್ರೋ ಗುಂಪಿನ ಆಕ್ಸಿಜನ್ನಿಗೆ ಸಿಕ್ಕಿಬಿದ್ದಿದೆ, ಅದಕ್ಕೇ ಅದರ ಕಂಪನ ಹಳೆಯ ಜಾಗ ಬಿಟ್ಟು ಗುರುತು ಸಿಗದಂತೆ ಹರಡಿಹೋಗಿದೆ ಎಂದರು. 1935ರಲ್ಲಿ 'ನೇಚರ್'ನಲ್ಲಿ ಇದು ಹೊಸ ಪರೀಕ್ಷಾ ವಿಧಾನವಾಗಿಯೇ ಅಚ್ಚಾಯಿತು. ಕಾಣದ ರೇಖೆಯನ್ನು ನಂಬುವುದಕ್ಕೆ ಕಾಣುವ ರೇಖೆಯನ್ನು ನಂಬುವುದಕ್ಕಿಂತ ಹೆಚ್ಚು ಎದೆಗಾರಿಕೆ ಬೇಕು.

ಸಮುದ್ರದ ನೀಲಿಯ ಉಳಿದರ್ಧವೂ ಇದೇ ಜೋಡಿಯ ಕೆಲಸ. ಆಕ್ಸಿಜನ್–ಹೈಡ್ರೋಜನ್ ಕಂಪನದ ಮೇಲುಸ್ವರಗಳು ಅವರಕ್ತದಿಂದ ಏರುತ್ತ ಏರುತ್ತ ಕಣ್ಣಿಗೆ ಕಾಣುವ ಕೆಂಪಿನವರೆಗೆ, ಸುಮಾರು 700 ನ್ಯಾನೋಮೀಟರಿನವರೆಗೆ ಚಾಚಿಕೊಂಡಿವೆ. ಆಳದ ನೀರು ಆ ಕೆಂಪನ್ನು ಸ್ವಲ್ಪ ಸ್ವಲ್ಪವಾಗಿ ನುಂಗುತ್ತದೆ, ನೀಲಿ ಉಳಿಯುತ್ತದೆ. ಹೈಡ್ರೋಜನ್ ಬದಲು ಅದರ ಭಾರದ ರೂಪ ಡ್ಯೂಟೀರಿಯಂ ಇರುವ ಭಾರಜಲದಲ್ಲಿ ಕಂಪನ ನಿಧಾನ. ನುಂಗುವ ಜಾಗ ಅವರಕ್ತದೊಳಗೇ ಉಳಿಯುತ್ತದೆ. ಆದ್ದರಿಂದ ಭಾರಜಲಕ್ಕೆ ಬಣ್ಣವಿಲ್ಲ.

ಇತ್ತ ಬೆಂಗಳೂರು. 1933ರಲ್ಲಿ ರಾಮನ್ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಜಗಳವೂ ಜೊತೆಗೇ ಬಂತು. 1937ರಲ್ಲಿ ನಿರ್ದೇಶಕ ಸ್ಥಾನ ಹೋಯಿತು, ಪ್ರೊಫೆಸರ್ ಗಿರಿ ಉಳಿಯಿತು. ಈ ಗದ್ದಲದ ನಡುವೆ, 1935ರಲ್ಲಿ, ಕೇರಳದ ಹುಡುಗ ಆರ್. ಎಸ್. ಕೃಷ್ಣನ್ ಅವರ ಶಿಷ್ಯನಾಗಿ ಸೇರಿದರು. (ಈ ಕತೆಯಲ್ಲಿ ಒಟ್ಟು ಮೂವರು ಕೃಷ್ಣನ್‌ಗಳಿದ್ದಾರೆ. ಇವರು ಎರಡನೆಯವರು, ಕಲ್ಕತ್ತೆಯವರಲ್ಲ.) ಕೇಂಬ್ರಿಜ್‌ಗೆ ಹೋಗಿ ಪರಮಾಣು ಬೀಜಗಳ ಅಧ್ಯಯನದಲ್ಲಿ ಪಿಎಚ್‌.ಡಿ. ಪಡೆದು, ಯುದ್ಧದ ನಡುವೆ, 1942ರಲ್ಲಿ ಬೆಂಗಳೂರಿಗೆ ಮರಳಿದರು. ಬಂದವರು ಕೈಗೆತ್ತಿಕೊಂಡದ್ದು ಒಂದು ದೀಪ.

ದೀಪ ಅವರ ಕಲ್ಪನೆಯದಲ್ಲ, ಇಟಲಿಯ ರಾಸೆಟ್ಟಿಯದು. ಪಾದರಸದ ದೀಪ ಕೊಡುವ ಬಣ್ಣಗಳಲ್ಲಿ 2536.5 ಆಂಗ್‌ಸ್ಟ್ರಾಂನ ಅತಿನೇರಳೆ ಬೆಳಕೂ ಒಂದು. ಬೆಳಕಿನ ಅಲೆ ಕಿರಿದಾದಷ್ಟೂ ಚದುರಿಕೆ ಜೋರು. ಎಲ್ಲರೂ ಬಳಸುತ್ತಿದ್ದ 4358ರ ನೀಲಿ ಬೆಳಕಿಗೆ ಹೋಲಿಸಿದರೆ ಇದು ಎಂಟೊಂಬತ್ತು ಪಟ್ಟು ಹೆಚ್ಚು ಚದುರುತ್ತದೆ. ಅದಕ್ಕಿಂತ ಮುಖ್ಯ ಲಾಭ ಇನ್ನೊಂದಿತ್ತು. ಹರಳಿನಿಂದ ಬರುವ ಬೆಳಕಿನಲ್ಲಿ ಬಹುಪಾಲು ಬಣ್ಣ ಬದಲಿಸದ ಬೆಳಕೇ. ಅದರ ಅಬ್ಬರದಲ್ಲಿ ದುರ್ಬಲ ರಾಮನ್ ರೇಖೆಗಳು ಮುಚ್ಚಿಹೋಗುತ್ತವೆ. ರೋಹಿತಲೇಖಿಯೊಳಗೆ ಒಂದಿಷ್ಟು ಪಾದರಸ ಇಟ್ಟರೆ, ಅದರ ಆವಿ ತನ್ನದೇ ಬಣ್ಣವಾದ 2536.5ನ್ನು ಹೀರಿಕೊಂಡು ಉಳಿದುದನ್ನು ಬಿಟ್ಟುಕೊಡುತ್ತದೆ. ಪಾದರಸ ಕೊಟ್ಟ ಬೆಳಕನ್ನು ಪಾದರಸವೇ ಒರೆಸಿಹಾಕುವ ಉಪಾಯ!

ಉಪಾಯ ಸೊಗಸು, ದೀಪ ಮಾತ್ರ ಹಟಮಾರಿ. ಬಿಸಿಯಾದರೆ ದೀಪದೊಳಗಿನ ಆವಿಯೇ ಬೇಕಾದ ರೇಖೆಯ ನಡುಭಾಗವನ್ನು ನುಂಗಿಬಿಡುತ್ತದೆ. ಆದ್ದರಿಂದ ಸುತ್ತ ನೀರು ಹರಿಸಿ ತಣ್ಣಗಿಡಬೇಕು. ವಿದ್ಯುತ್ ಚಾಪವನ್ನು ಅಯಸ್ಕಾಂತದಿಂದ ಕೊಳವೆಯ ಗೋಡೆಗೆ ಒತ್ತಿ ಹಿಡಿಯಬೇಕು, ಆಗ ಬೆಳಕು ಒಳಗಿನ ಆವಿಯನ್ನು ದಾಟದೆ ನೇರ ಹೊರಬೀಳುತ್ತದೆ. ಗಾಜು ಅತಿನೇರಳೆಯನ್ನು ತಡೆಯುವುದರಿಂದ ದೀಪ, ಮಸೂರ, ಪಟ್ಟಕ ಎಲ್ಲವೂ ಕ್ವಾರ್ಟ್ಸ್‌ನವೇ ಆಗಬೇಕು. ಬರಿಗಣ್ಣಿನಲ್ಲಿ ನೋಡಿದರೆ ಕಣ್ಣಿಗೆ ಅಪಾಯ. ಇಷ್ಟೆಲ್ಲ ಸರಿಯಿದ್ದರೂ ಫೋಟೋ ಫಲಕದ ಮೇಲೆ ಕ್ಷೀಣ ರೇಖೆ ಮೂಡಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೆಳಕು ಬೀಳುತ್ತಲೇ ಇರಬೇಕು. ನಡುವೆ ದೀಪ ಕೈಕೊಟ್ಟರೆ ಮೊದಲಿನಿಂದ ಶುರು.

1945ರಲ್ಲಿ ಕೃಷ್ಣನ್ ಈ ದೀಪದಿಂದ ವಜ್ರದ ಅತಿ ಕ್ಷೀಣವಾದ ಎರಡನೇ ದರ್ಜೆಯ ರೋಹಿತವನ್ನು (ಬೆಳಕು ಒಂದರ ಬದಲು ಒಮ್ಮೆಗೇ ಎರಡು ಕಂಪನಗಳಿಗೆ ಶಕ್ತಿ ಕೊಟ್ಟಾಗ ಮೂಡುವಂಥದ್ದು) ಪ್ರಕಟಿಸಿದರು. ಅದೇ ವರ್ಷ ಉಪ್ಪಿನದೂ ಬಂತು. ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಆಗರಗಳಲ್ಲಿ ಬಿಸಿಲಿಗೆ ಕಟ್ಟುವ ಉಪ್ಪೇ ಅದು, ಸೋಡಿಯಂ ಕ್ಲೋರೈಡ್. ಪ್ರಯೋಗಕ್ಕೆ ಮಾತ್ರ ಗಾಜಿನಂತೆ ತಿಳಿಯಾದ ಗಟ್ಟಿ ಹರಳು ಬೇಕು. ನಿಯಮದ ಪ್ರಕಾರ ಉಪ್ಪಿನ ಹರಳು ಮೊದಲ ದರ್ಜೆಯ ರಾಮನ್ ರೇಖೆಯನ್ನೇ ಕೊಡಬಾರದು, ಕೊಡುವುದೂ ಇಲ್ಲ. ಎರಡನೇ ದರ್ಜೆಯದನ್ನು ಮಾತ್ರ ಕೊಡುತ್ತದೆ. ಹರಳು ಹೇಗೆ ಕಂಪಿಸುತ್ತದೆ ಎಂಬ ಬಗ್ಗೆ ರಾಮನ್‌ಗೂ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್‌ಗೂ ಆಗ ದೊಡ್ಡ ವಾಗ್ವಾದ ನಡೆದಿತ್ತು. ಒಂದು ಕಾಲಕ್ಕೆ ರಾಮನ್ನರೇ ಕರೆಸಿ ಬೆಂಗಳೂರಿನಲ್ಲಿ ಇರಿಸಿಕೊಂಡಿದ್ದ ಬಾರ್ನ್! ಶಿಷ್ಯ ತೆಗೆದ ವಜ್ರದ ಫಲಕವನ್ನು ಬಾರ್ನ್ ಪಕ್ಷದ ಹೆಲೆನ್ ಸ್ಮಿತ್ 1948ರಲ್ಲಿ ಬಾರ್ನ್ ಸಿದ್ಧಾಂತದಿಂದಲೇ ವಿವರಿಸಿದರು. ವಾದದಲ್ಲಿ ಗೆದ್ದದ್ದು ಬಾರ್ನ್. ಫಲಕ ಮಾತ್ರ ಬೆಂಗಳೂರಿನದು.

ವಜ್ರ, ಉಪ್ಪು, ಕ್ವಾರ್ಟ್ಸ್ ಎಲ್ಲ ಗಟ್ಟಿ ಹರಳುಗಳು, ಚೂಪು ರೇಖೆಗಳ ಲೋಕ. ಕೃಷ್ಣನ್ 1950ರ ದಶಕದಲ್ಲಿ ದೀಪವನ್ನು ಮೆತ್ತನೆಯ ಲೋಕಕ್ಕೆ, ಅಣುಗಳಿಂದ ಕಟ್ಟಿದ ಹರಳುಗಳಿಗೆ ತಿರುಗಿಸಿದರು. ಅಲ್ಲಿ ಕಷ್ಟಗಳು ಬೇರೆ ಥರ. ಬೆಂಜೀನ್ ಉಂಗುರವಿರುವ ವಸ್ತುಗಳು 2536.5ನ್ನು ಒಳಗೆ ಬಿಡದೆ ನುಂಗಿಬಿಡುತ್ತವೆ. ಪುಡಿಯಲ್ಲಿ ಬಣ್ಣ ಬದಲಿಸದ ಬೆಳಕು ವಿಪರೀತ. ಆದ್ದರಿಂದ ನೀರಿನ ದ್ರಾವಣವನ್ನು ಅಲುಗಾಡಿಸದೆ ಇಟ್ಟು, ನಿಧಾನವಾಗಿ ಆರಲು ಬಿಟ್ಟು, ದೊಡ್ಡ ತಿಳಿ ಹರಳು ಬೆಳೆಸಬೇಕು. ಈ ಎಲ್ಲ ಜರಡಿ ದಾಟಿ ಬಂದ ವಸ್ತು ಗ್ಲೈಸೀನ್. ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದು, ಪ್ರೋಟೀನುಗಳ ಸರಳಾತಿಸರಳ ಘಟಕ. ಅದಕ್ಕೆ ಆಗಷ್ಟೇ ಹೊಸ ಮೆರುಗೂ ಬಂದಿತ್ತು. ಅದು ಗಂಧಕಾಮ್ಲದ ಜೊತೆ ಸೇರಿ ಕಟ್ಟುವ ಟ್ರೈಗ್ಲೈಸೀನ್ ಸಲ್ಫೇಟ್ ಹರಳು ತಾನಾಗಿಯೇ ವಿದ್ಯುತ್ ಧ್ರುವಗಳನ್ನು ತಳೆದು ನಿಲ್ಲುತ್ತದೆ, 49 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಗುಣ ಕಳೆದುಕೊಳ್ಳುತ್ತದೆ ಎಂದು 1956ರಲ್ಲಿ ಬೆಲ್ ಪ್ರಯೋಗಾಲಯದಿಂದ ಸುದ್ದಿ ಬಂದಿತ್ತು.

ಗ್ಲೈಸೀನ್ ಹರಳಿನ ಫಲಕ ತೊಳೆದು ನೋಡಿದರೆ ಅದರಲ್ಲಿ ಎರಡು ಬಗೆಯ ಗುರುತುಗಳಿದ್ದವು. 2972 ಮತ್ತು 3008ರ ಸುಮಾರಿಗೆ ಕಾರ್ಬನ್–ಹೈಡ್ರೋಜನ್ ಜೋಡಿಗಳ ಎರಡು ಚೊಕ್ಕ ರೇಖೆಗಳು, ಯಾರಿಗೂ ತಕರಾರಿಲ್ಲದಂಥವು. ಅವುಗಳ ಹಿಂದೆ, ಕೆಳಗೆ, ಆಚೀಚೆ ಹಬ್ಬಿಕೊಂಡು ಒಂದು ಮಸುಕು. ನೈಟ್ರೋಜನ್–ಹೈಡ್ರೋಜನ್ ಕಂಪನಗಳು 3300ರ ಮೇಲೆ ಚೂಪಾಗಿ ನಿಲ್ಲಬೇಕಿದ್ದವು. ಇಲ್ಲಿ 3150ರಿಂದ 2600ರವರೆಗೆ ಚೆಲ್ಲಾಡಿದ್ದವು. ಗ್ಲೈಸೀನಿನ ಒಂದು ತುದಿ ಧನ ವಿದ್ಯುದಂಶ, ಇನ್ನೊಂದು ತುದಿ ಋಣ ವಿದ್ಯುದಂಶ ಹೊತ್ತಿರುತ್ತದೆ ಎಂದು ಅಮೆರಿಕದ ಎಡ್ಸಾಲ್ 1930ರ ದಶಕದಲ್ಲೇ ರಾಮನ್ ರೋಹಿತದಿಂದ ತೋರಿಸಿದ್ದರು. ಇಳಿಕೆಯ ಒಂದು ಪಾಲು ಅದರಿಂದ. ಉಳಿದದ್ದು? ಮಸುಕಿನೊಳಗೆ ಎಷ್ಟು ರೇಖೆಗಳಿವೆ, ಯಾವುದು ಯಾರದು, ಯಾವುದು ನಿಜ, ಯಾವುದು ಫಲಕದ ಕಲೆ ಎಂದು ಬಿಡಿಸುವ ಕೆಲಸಕ್ಕೆ ಸೂತ್ರವಿಲ್ಲ. ಹಲವು ಹರಳು, ಹಲವು ಫಲಕಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತ ಹೋಗಬೇಕು.

ಪಕ್ಕದಲ್ಲಿಟ್ಟು ನೋಡಲು ತಕ್ಕ ಹರಳು ಜಪಾನಿನ ಕಡೆಯಿಂದ ಒದಗಿತು. ಗ್ಲೈಸೀನ್ ಒಂದೇ ರೀತಿ ಹರಳುಗಟ್ಟುವುದಿಲ್ಲ. ಸಾಮಾನ್ಯವಾಗಿ ಸಿಗುವುದು ಆಲ್ಫಾ ರೂಪ. ಗಾಮಾ ಎಂಬ ಇನ್ನೊಂದು ರೂಪದ ರಚನೆಯನ್ನು ಇಟಾಕಾ ಎಂಬ ವಿಜ್ಞಾನಿ ಬಿಡಿಸಿದ್ದರು. ಆಲ್ಫಾದಲ್ಲಿ ಅಣುಗಳು ಪದರ ಪದರವಾಗಿ ಜೋಡಿಸಿಕೊಂಡರೆ ಗಾಮಾದಲ್ಲಿ ಸುರುಳಿಯಾಗಿ ಕೈ ಹಿಡಿಯುತ್ತವೆ. 1962ರಲ್ಲಿ ಬಾಲಸುಬ್ರಮಣಿಯನ್, ಆರ್. ಎಸ್. ಕೃಷ್ಣನ್ ಮತ್ತು ಇಟಾಕಾ ಕೂಡಿ ಗಾಮಾ ಗ್ಲೈಸೀನಿನ ರಾಮನ್ ರೋಹಿತ ಪ್ರಕಟಿಸಿದರು. ಎರಡೂ ಹರಳುಗಳಲ್ಲಿ ಅಣು ಒಂದೇ, ಬದಲಾದದ್ದು ಅಣು ಅಣುವಿನ ನಡುವಿನ ನಂಟು. ರೋಹಿತದಲ್ಲಿ ಹೈಡ್ರೋಜನ್ ಕಂಪಿಸುವ ಜಾಗದಲ್ಲಿ ಏನು ವ್ಯತ್ಯಾಸ ಕಂಡರೂ ಅದರ ಹೊಣೆಯನ್ನು ಆ ನಂಟಿನ ಮೇಲೇ ಹೊರಿಸಬಹುದಿತ್ತು.

ಅಷ್ಟರಲ್ಲಿ ಅಮೆರಿಕದಲ್ಲಿ ನಾಕಾಮೊಟೊ, ಮಾರ್ಗೋಶಸ್, ರಂಡಲ್ ಎಂಬ ಮೂವರು 1955ರಲ್ಲಿ ಒಂದು ನಕ್ಷೆ ಹಾಕಿದ್ದರು. ಒಂದು ಅಕ್ಷದಲ್ಲಿ ಹೈಡ್ರೋಜನ್ನಿನ ಆಚೀಚಿನ ಎರಡು ಪರಮಾಣುಗಳ ಅಂತರ, ಇನ್ನೊಂದರಲ್ಲಿ ಕಂಪನದ ತರಂಗಸಂಖ್ಯೆ. ಅಂತರ ಕಡಿಮೆಯಾದಷ್ಟೂ ಕಂಪನ ಇಳಿಯುತ್ತಿತ್ತು. ಬೆಂಗಳೂರಿನವರು ಅಮೈನೋ ಆಮ್ಲಗಳನ್ನು ಒಂದೊಂದಾಗಿ ಇದೇ ಪ್ರಶ್ನೆಗೆ ಒಡ್ಡಿದರು. 1964ರಲ್ಲಿ ಆರ್. ಎಸ್. ಕೃಷ್ಣನ್ ಮತ್ತು ಕೆ. ಕೃಷ್ಣನ್ (ಮೂರನೆಯವರು ಇವರೇ), ಅಮೈನೋ ಆಮ್ಲಗಳಲ್ಲಿ ನೈಟ್ರೋಜನ್–ಹೈಡ್ರೋಜನ್ ಕಂಪನದ ಮೇಲೆ ಹೈಡ್ರೋಜನ್ ಬಂಧದ ಪ್ರಭಾವವನ್ನು ಕುರಿತ ಲೇಖನವನ್ನು ರಾಮನ್ ಸ್ಥಾಪಿಸಿದ್ದ ಇಂಡಿಯನ್ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಾರಿಗೂ ಬೇಡವಾಗಿದ್ದ ಮಸುಕು ಈಗ ಅಳತೆಗೋಲು. ಎಂಟು ವರ್ಷಗಳ ನಂತರ, 1972ರಲ್ಲಿ, ಯೋನ್ಸನ್ ಮತ್ತು ಕ್ವಿಕ್ ಎಂಬ ಇಬ್ಬರು ವಿಜ್ಞಾನಿಗಳು ನ್ಯೂಟ್ರಾನುಗಳನ್ನು ಹಾಯಿಸಿ ಆಲ್ಫಾ ಗ್ಲೈಸೀನಿನ ಹೈಡ್ರೋಜನ್‌ಗಳ ನಿಖರ ಜಾಗವನ್ನೇ ಗುರುತಿಸಿದರು. ಎಕ್ಸ್-ಕಿರಣಗಳಂತೆ ನ್ಯೂಟ್ರಾನ್ ಎಲೆಕ್ಟ್ರಾನುಗಳನ್ನು ಹುಡುಕುವುದಿಲ್ಲ, ಬೀಜಕ್ಕೇ ಬಡಿಯುತ್ತದೆ. ಹೈಡ್ರೋಜನ್‌ಗಳು ಪಕ್ಕದ ಅಣುಗಳ ಆಕ್ಸಿಜನ್ ಕಡೆಗೇ ಮುಖ ಮಾಡಿದ್ದವು.

ಕತೆ ಮುಗಿಯಿತು ಎನ್ನುವ ಹೊತ್ತಿಗೆ ಇನ್ನೊಂದು ತಿರುವು. 1990ರ ದಶಕದ ಕೊನೆಯಲ್ಲಿ ಪ್ರಾಗ್‌ನ ಪಾವೆಲ್ ಹೋಬ್ಜಾ ಮತ್ತು ಸಂಗಡಿಗರು, ಕೆಲವು ಕಾರ್ಬನ್–ಹೈಡ್ರೋಜನ್ ಜೋಡಿಗಳು ಪಕ್ಕದವರ ನಂಟಿಗೆ ಸಿಕ್ಕಾಗ ಕಂಪನ ಇಳಿಯುವ ಬದಲು ಏರುತ್ತದೆ ಎಂದರು. ಇಳಿಕೆಯೇ ಹೈಡ್ರೋಜನ್ ಬಂಧದ ಗುರುತು ಎಂದು ನಂಬಿದ್ದವರಿಗೆ ಇದು ನುಂಗಲಾರದ ತುತ್ತಾಯಿತು. ಹಾಗಾದರೆ ಹೈಡ್ರೋಜನ್ ಬಂಧ ಎಂದು ಯಾವುದನ್ನು ಕರೆಯಬೇಕು? ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟ ಐಯುಪಿಎಸಿ ಇದನ್ನು ತೀರ್ಮಾನಿಸಲು ಒಂದು ತಂಡ ಕಟ್ಟಿತು. ಅದರ ಮುಖ್ಯಸ್ಥರು ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯ ಇ. ಅರುಣನ್. ಹರಳುಗಳಲ್ಲಿ ದುರ್ಬಲ ಹೈಡ್ರೋಜನ್ ಬಂಧಗಳ ಪರವಾಗಿ ದಶಕಗಳಿಂದ ವಾದಿಸಿದ್ದ ಗೌತಮ್ ದೇಸಿರಾಜು ಅದರಲ್ಲಿದ್ದರು, ಹೋಬ್ಜಾ ಕೂಡ ಇದ್ದರು. 2005ರಲ್ಲಿ ಇಟಲಿಯ ಪೀಸಾದಲ್ಲಿ ಚರ್ಚೆಗೆ ಕೂತರು.

ಕೊನೆಗೆ ಉಳಿದ ವಿವರಣೆ ಚಿಕ್ಕದು. ನೈಟ್ರೋಜನ್ ಅಥವಾ ಆಕ್ಸಿಜನ್ನಿಗೆ ಕಟ್ಟಿಕೊಂಡ ಹೈಡ್ರೋಜನ್, ತನ್ನ ಎಲೆಕ್ಟ್ರಾನನ್ನು ಆ ಕಡೆಗೆ ವಾಲಲು ಬಿಟ್ಟು, ತುಸು ಧನ ವಿದ್ಯುದಂಶ ಹೊತ್ತು ನಿಂತಿರುತ್ತದೆ. ಪಕ್ಕದ ಅಣುವಿನ ಆಕ್ಸಿಜನ್ ಅದನ್ನು ತನ್ನತ್ತ ಎಳೆಯುತ್ತದೆ. ಸ್ವಂತ ಬಂಧ ಹಿಗ್ಗಿ ದುರ್ಬಲವಾಗುತ್ತದೆ. ವೀಣೆಯ ತಂತಿ ಸಡಿಲಿಸಿದರೆ ಶ್ರುತಿ ಇಳಿಯುವಂತೆ ಕಂಪನ ಇಳಿಯುತ್ತದೆ. ನೆರೆಯವನ ಎಳೆತ ಕ್ಷಣಕ್ಷಣಕ್ಕೂ ಹೆಚ್ಚು ಕಡಿಮೆಯಾಗುವುದರಿಂದ ಒಂದೇ ಸ್ವರದ ಬದಲು ಹತ್ತಿರ ಹತ್ತಿರದ ನೂರು ಸ್ವರಗಳು ಕೂಡಿ ಕೇಳಿಸುತ್ತವೆ, ರೇಖೆ ಮಸುಕು ಪಟ್ಟಿಯಾಗುತ್ತದೆ. ವಿರಳ ಸಂದರ್ಭಗಳಲ್ಲಿ ನೆರೆಯವನು ಎಳೆಯುವುದಕ್ಕಿಂತ ಹೆಚ್ಚಾಗಿ ಒತ್ತುತ್ತಾನೆ. ಆಗ ಬಂಧ ಕುಗ್ಗಿ ಕಂಪನ ಏರುತ್ತದೆ. ನೀರು ಕೋಣೆಯ ಬಿಸಿಯಲ್ಲಿ ದ್ರವವಾಗಿರುವುದು, ಗ್ಲಿಸರಿನ್ ಅಷ್ಟು ಮಂದವಾಗಿರುವುದು, ಗ್ಲೈಸೀನ್ ಹರಳು ಕರಗುವ ಮುನ್ನ 200 ಡಿಗ್ರಿ ಸೆಲ್ಸಿಯಸ್ ದಾಟಿದರೂ ನಿಲ್ಲುವುದು, ಎಲ್ಲದರಲ್ಲೂ ಈ ಎಳೆತದ ಪಾಲಿದೆ.

ಈ ಬಂಧದ ಈಗಿನ ಅಧಿಕೃತ ವ್ಯಾಖ್ಯೆ 2011ರಲ್ಲಿ 'ಪ್ಯೂರ್ ಅಂಡ್ ಅಪ್ಲೈಡ್ ಕೆಮಿಸ್ಟ್ರಿ' ಪತ್ರಿಕೆಯಲ್ಲಿ ಅಚ್ಚಾಯಿತು. ಹದಿನಾಲ್ಕು ಮಂದಿ ಸಹಿ ಹಾಕಿದ ಐದೇ ಪುಟಗಳ ದಾಖಲೆ ಅದು. ಕಂಪನ ಇಳಿಯುವುದು ಮತ್ತು ಹೀರಿಕೆ ಬಲವಾಗುವುದು ಹೈಡ್ರೋಜನ್ ಬಂಧದ ಸಾಮಾನ್ಯ ಲಕ್ಷಣ, ಆದರೆ ಕಡ್ಡಾಯವಲ್ಲ ಎಂದು ಅದು ಒಪ್ಪಿಕೊಳ್ಳುತ್ತದೆ.